ಸೈಕಲ್ ಚೈನು: ಎಣ್ಣೆ ಬಿಡುವ ಮುನ್ನ ಒರೆಸಿ



ಚಳಿಗಾಲ ಮುಗಿಯುತ್ತಿದ್ದಂತೆ ಇಲ್ಲಿ ಜರ್ಮನಿಯಲ್ಲಿ ನಮ್ಮ ನೆಲಮಾಳಿಗೆಗಳಿಂದ ಸೈಕಲ್‌ಗಳು ಒಂದೊಂದಾಗಿ ಹೊರಬರುತ್ತವೆ. ನಾಲ್ಕನೇ ತರಗತಿಯ ಮಕ್ಕಳಿರುವ ಮನೆಗಳಲ್ಲಂತೂ ಶಾಲೆಯವರೂ ಪೊಲೀಸರೂ ಸೇರಿ ನಡೆಸುವ ಸೈಕಲ್ ಪರೀಕ್ಷೆಯ ಸಡಗರ. ಗಾಳಿ, ಬ್ರೇಕು, ಲೈಟು ಎಲ್ಲ ನೋಡುತ್ತೇವೆ. ಚೈನು ಮಾತ್ರ ಕಿರ್‌ಗುಟ್ಟುವ ತನಕ ಯಾರಿಗೂ ನೆನಪಾಗುವುದಿಲ್ಲ. ಆಮೇಲೆ ಮೇಲಿಂದ ಒಂದಿಷ್ಟು ಎಣ್ಣೆ ಸುರಿಯುವುದು ಊರಿನಿಂದ ಬಂದ ರೂಢಿ. ಚೈನು ಬೇಗ ಸವೆಯುವುದು ಇದರಿಂದಲೇ.

ಚೈನಿನ ಪ್ರತಿ ಕೊಂಡಿಯಲ್ಲೂ ಒಂದು ಪಿನ್ನು, ಅದರ ಸುತ್ತ ತಿರುಗುವ ರೋಲರ್ ಇರುತ್ತದೆ. ಎಣ್ಣೆ ಬೇಕಾಗಿರುವುದು ಇವುಗಳ ನಡುವೆ, ಹೊರಮೈಗಲ್ಲ. ಹೊರಗೆ ಉಳಿದ ಎಣ್ಣೆಗೆ ಮರಳು, ಧೂಳು ಅಂಟಿ, ಉಜ್ಜುವ ಕಪ್ಪು ಲೇಪವಾಗುತ್ತದೆ. ಹಿಮ ಕರಗಿಸಲು ರಸ್ತೆಗೆ ಹಾಕಿದ ಉಪ್ಪೂ ಸೇರಿದರೆ ತುಕ್ಕು ಖಂಡಿತ.

ಆದ್ದರಿಂದ ಮೊದಲು ಸ್ವಚ್ಛತೆ. ಹಳೆಯ ಬನಿಯನ್ ಬಟ್ಟೆಯಲ್ಲಿ ಚೈನನ್ನು ಹಿಡಿದು ಪೆಡಲನ್ನು ಹಿಂದಕ್ಕೆ ತಿರುಗಿಸುತ್ತಾ ಒರೆಸಿ. ಕೊಳೆ ಜಾಸ್ತಿಯಿದ್ದರೆ ಬಿಸಿನೀರು, ಪಾತ್ರೆ ತೊಳೆಯುವ ಸೋಪು, ಹಳೆಯ ಟೂತ್‌ಬ್ರಶ್ ಸಾಕು. ಪೆಟ್ರೋಲ್ ಖಂಡಿತ ಬೇಡ, ಬೆಂಕಿಯ ಅಪಾಯ. ಇಲ್ಲಿನ ಅನೇಕ ಮಕ್ಕಳ ಸೈಕಲ್‌ಗಳಲ್ಲಿ ಹಿಂದಕ್ಕೆ ತುಳಿದರೆ ಬ್ರೇಕ್ ಬೀಳುತ್ತದೆ. ಅಂಥವುಗಳಲ್ಲಿ ಹಿಂದಿನ ಚಕ್ರವನ್ನು ಎತ್ತಿಹಿಡಿದು ಮುಂದಕ್ಕೇ ತಿರುಗಿಸಬೇಕು. ಆಗ ಬೆರಳುಗಳ ಬಗ್ಗೆ ಬಹಳ ಎಚ್ಚರ. ಪುಟಾಣಿಗಳು ಸ್ವಲ್ಪ ದೂರದಿಂದಲೇ ನೋಡಲಿ.

ಚೈನು ಪೂರ್ತಿ ಒಣಗಿದ ಮೇಲೆ ಕೆಳಭಾಗದ ಒಳಮಗ್ಗುಲಿಗೆ, ರೋಲರಿಗೊಂದು ಹನಿಯಂತೆ ಚೈನ್ ಆಯಿಲ್ ಬಿಡಿ. ಒಂದು ನಿಮಿಷ ತಿರುಗಿಸಿ, ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಹೊರಗಿನದನ್ನೆಲ್ಲ ಒರೆಸಿಬಿಡಿ. ಹಾಕಿದ ಎಣ್ಣೆಯನ್ನೇ ಒರೆಸುವುದೇ ಎಂದು ಅಜ್ಜಿ ಕೇಳಬಹುದು. ಒಳಗೆ ಹೋಗಬೇಕಾದದ್ದು ಅಷ್ಟರಲ್ಲಿ ಹೋಗಿರುತ್ತದೆ. ಡಿಸ್ಕ್ ಬ್ರೇಕಿನ ಮೇಲೆ ಮಾತ್ರ ಒಂದು ಹನಿಯೂ ಬೀಳಬಾರದು, ಬ್ರೇಕ್ ಹಿಡಿಯುವುದಿಲ್ಲ. ಹಳೆ ಪೇಪರ್ ಮುಚ್ಚಿಕೊಳ್ಳಿ.

ಮನೆಯಲ್ಲಿರುವ ಕೊಬ್ಬರಿ ಎಣ್ಣೆ ಆಗುವುದಿಲ್ಲವೇ? ಸುಮಾರು 24 ಡಿಗ್ರಿಗಿಂತ ಕೆಳಗೆ ಅದು ಗಟ್ಟಿಯಾಗುತ್ತದೆ. ಇಲ್ಲಿನ ಹವೆಗೆ ಅದು ತಲೆಗೇ ಸರಿ! ಅಡುಗೆ ಎಣ್ಣೆ ಕ್ರಮೇಣ ಅಂಟಾಗುತ್ತದೆ. ಬೆಲ್ಟ್ ಇರುವ ಹೊಸ ಬಗೆಯ ಸೈಕಲ್‌ಗಳಿಗೆ ಎಣ್ಣೆಯೇ ಬೇಡ.

ಕೊನೆಗೆ ಒಂದು ಸ್ಕೇಲ್ ತೆಗೆದುಕೊಂಡು ಸವೆತ ನೋಡಿ. ಹೊಸ ಚೈನಿನಲ್ಲಿ ಒಂದು ಪಿನ್ನಿನ ನಡುವಿನಿಂದ ಮುಂದಿನ 24ನೇ ಪಿನ್ನಿನ ನಡುವಿಗೆ ಸರಿಯಾಗಿ 12 ಅಂಗುಲ, ಅಂದರೆ 304.8 ಮಿಲಿಮೀಟರ್. ಕಬ್ಬಿಣ ಹಿಗ್ಗುವುದಿಲ್ಲ, ಆದರೆ ಪಿನ್ನು ಸವೆದಷ್ಟೂ ಈ ಅಳತೆ ಬೆಳೆಯುತ್ತದೆ. ಗೇರ್ ಸೈಕಲ್ಲಿನಲ್ಲಿ 1.5 ಮಿಲಿಮೀಟರ್ ಹೆಚ್ಚಿದ್ದರೆ ಹೊಸ ಚೈನು ಹಾಕಿಸುವುದು ಒಳ್ಳೆಯದು. 3 ಮಿಲಿಮೀಟರ್ ಆಗಿದ್ದರೆ ಹಿಂದಿನ ಹಲ್ಲುಚಕ್ರವೂ ಸವೆದಿರುತ್ತದೆ. ಅದರ ಮೇಲೆ ಹೊಸ ಚೈನು ಜಾರುತ್ತದೆ, ಅದೂ ಸಿಗ್ನಲ್ ಬಿಟ್ಟೊಡನೆ ಮಗು ಜೋರಾಗಿ ತುಳಿಯುವಾಗ. ಆಗ ಎರಡನ್ನೂ ಒಟ್ಟಿಗೆ ಬದಲಾಯಿಸಲೇಬೇಕು.