ಉದ್ದನೆಯ ಹೆಸರು, ಪುಟ್ಟ ಬಾಲ

ಊರಿನಿಂದ ಅಪ್ಪ-ಅಮ್ಮ ಬಂದರೆಂದರೆ ನಮ್ಮೆಲ್ಲರ ಮನೆಗಳಲ್ಲೂ ಸೂಟ್‌ಕೇಸಿನಿಂದ ಮೊದಲು ಹೊರಬರುವುದು ಚಟ್ನಿಪುಡಿ, ಸಾರಿನಪುಡಿ, ಹುರಿಗಾಳು. ಕೊನೆಗೆ ಹೊರಬರುವುದು ಆರು ತಿಂಗಳಿಗಾಗುವಷ್ಟು ಮಾತ್ರೆಗಳ ಚೀಲ. ಕೆಲವು ವರ್ಷಗಳ ಹಿಂದೆ ಮೈಸೂರಿನಿಂದ ಅಮ್ಮ ಬಂದಾಗ ಆ ಚೀಲವನ್ನು ನಾವು ಬಿಚ್ಚಿಯೂ ನೋಡದೆ ಬೀರುವಿನಲ್ಲಿಟ್ಟೆವು. ಅದೇ ನಾವು ಮಾಡಿದ ತಪ್ಪು.

ಒಂದು ತಿಂಗಳಾದ ಮೇಲೆ ರಕ್ತದೊತ್ತಡ ಹೆಚ್ಚಾಗಿದೆಯೆಂದು ಇಲ್ಲಿಯ ವೈದ್ಯರ ಬಳಿ ಕರೆದುಕೊಂಡು ಹೋದೆವು. ಈಗ ಯಾವ ಮಾತ್ರೆ ನಡೆಯುತ್ತಿದೆ ಎಂದು ಅವರು ಕೇಳಿದರೆ, "ಯಾವುದೋ ಒಂದು ಬಿಳಿ ಮಾತ್ರೆ" ಎಂದೆವು! ಅವರು ಹೊಸದೊಂದನ್ನು ಬರೆದುಕೊಟ್ಟರು. ಅಮ್ಮ ಇಬ್ಬರು ಡಾಕ್ಟರ ಮಾತನ್ನೂ ಮೀರುವವರಲ್ಲ; ಮೈಸೂರಿನದನ್ನೂ ತೆಗೆದುಕೊಂಡರು, ಇಲ್ಲಿಯದನ್ನೂ ತೆಗೆದುಕೊಂಡರು. ನಾಲ್ಕನೆಯ ದಿನ ಬೆಳಿಗ್ಗೆ ತಲೆ ಸುತ್ತಿ ಅಡುಗೆಮನೆಯ ಬಾಗಿಲನ್ನು ಹಿಡಿದುಕೊಂಡೇ ಕುಸಿದು ಕುಳಿತರು.

ಗಾಬರಿಯಿಂದ ಔಷಧಿ ಅಂಗಡಿಯ ಫಾರ್ಮಸಿಸ್ಟ್‌ಗೆ ಫೋನ್ ಮಾಡಿ ಎರಡೂ ಹೆಸರುಗಳನ್ನು ಓದಿದೆವು: ಒಂದು ಟೆಲ್ಮಿಸಾರ್ಟನ್, ಇನ್ನೊಂದು ಲೋಸಾರ್ಟನ್. "ಎರಡರ ಕೊನೆಯನ್ನೂ ನೋಡಿ, ಎರಡೂ ಒಂದೇ ಜಾತಿಯ ಮಾತ್ರೆ. ಈಗಲೇ ವೈದ್ಯರಿಗೆ ತಿಳಿಸಿ" ಎಂದರು ಆಕೆ. ವೈದ್ಯರು ಒಂದನ್ನು ನಿಲ್ಲಿಸಿದರು. ಅಮ್ಮ ಎರಡು ದಿನದಲ್ಲಿ ಚೇತರಿಸಿಕೊಂಡರು. ಫೈಲಿನ ಹೆಸರಿನ ಕೊನೆಯ ಮೂರಕ್ಷರ ನೋಡಿ ಅದು ಚಿತ್ರವೋ ಹಾಡೋ ಎಂದು ಹೇಳುವ ಇಬ್ಬರು ಎಂಜಿನಿಯರುಗಳಿದ್ದ ಮನೆಯಲ್ಲಿ, ಎರಡು ಮಾತ್ರೆಗಳ ಬಾಲ ನೋಡುವವರಿರಲಿಲ್ಲ!

ಈ ಬಾಲ ಕಟ್ಟುವವರು ಯಾರು?

ಒಂದು ಔಷಧಿಗೆ ಕಂಪನಿಗಳು ಇಡುವ ಮಾರಾಟದ ಹೆಸರು ಹತ್ತಾರು. ಆದರೆ ಅದರೊಳಗಿನ ಮದ್ದಿಗೆ ಜಗತ್ತಿಗೆಲ್ಲ ಒಂದೇ ಹೆಸರಿರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ 1950ರಲ್ಲಿ ನಿರ್ಧರಿಸಿತು. 1953ರಲ್ಲಿ ಮೊದಲ ಪಟ್ಟಿ ಹೊರಬಂತು. ಒಂದೇ ಬಗೆಯಲ್ಲಿ ಕೆಲಸ ಮಾಡುವ ಮದ್ದುಗಳಿಗೆ ಸಾಮಾನ್ಯವಾಗಿ ಒಂದೇ ಬಾಲ. ಅರಸೀಕೆರೆ, ತರೀಕೆರೆ, ಹೊಳಲ್ಕೆರೆ ಎಂದರೆ ಊರು ನೋಡದವರಿಗೂ ಅಲ್ಲೊಂದು ಕೆರೆಯ ಕಥೆಯಿದೆ ಎಂದು ಹೊಳೆಯುವುದಿಲ್ಲವೇ, ಹಾಗೆ.

ನಮ್ಮೂರಿನ ಬಾಲ

ನೀರಿನ ಸುತ್ತಲೇ ಕಟ್ಟಿರುವ ನಮ್ಮ ಫಾಸ್ಟರ್ ಸಿಟಿಗೆ ‘ಕೆರೆ’ ಎಂಬ ಬಾಲವಿಲ್ಲ ನಿಜ. ಆದರೆ ಈ ಊರಿಗೂ ಒಂದು ಬಾಲಕ್ಕೂ ಬಲು ನಂಟು. ಅದೇ ‘ವಿರ್’. ವೈರಸ್ ಎಂಬುದರ ಮೊದಲ ಮೂರಕ್ಷರ: ವಿ, ಐ, ಆರ್. ಈ ಬಾಲವಿದ್ದರೆ ವೈರಸ್ಸನ್ನು ಎದುರಿಸುವ ಮದ್ದು ಎಂದರ್ಥ. 1987ರಲ್ಲಿ ಇಲ್ಲೇ ಹುಟ್ಟಿದ ಗಿಲಿಯಡ್ ಸಂಸ್ಥೆಯ ಮದ್ದುಗಳ ಹೆಸರು ಓದಿ ನೋಡಿ: ಫ್ಲೂ ಜ್ವರಕ್ಕೆ ಒಸೆಲ್ಟಾಮಿವಿರ್ (1999), ಎಚ್‌ಐವಿಗೆ ಟೆನೋಫೋವಿರ್ (2001), ಹೆಪಟೈಟಿಸ್-ಸಿಗೆ ಸೋಫೋಸ್‌ಬುವಿರ್ (2013), ಕೋವಿಡ್‌ಗೆ ರೆಮ್‌ಡೆಸಿವಿರ್ (2020), ಮತ್ತೆ ಎಚ್‌ಐವಿಗೆ ಲೆನಾಕಾಪಾವಿರ್ (2022).

ಬಾಲದ ಒಳಗೂ ಇನ್ನೊಂದು ಬಾಲವುಂಟು. ‘ಬುವಿರ್’ ಎಂದರೆ ಹೆಪಟೈಟಿಸ್-ಸಿ ವೈರಸ್ ತನ್ನ ಪ್ರತಿಗಳನ್ನು ಮಾಡಿಕೊಳ್ಳುವುದನ್ನೇ ತಡೆಯುವಂಥದ್ದು. ‘ಕಾಪಾವಿರ್’ ಎಂದರೆ ವೈರಸ್ಸಿನ ಚಿಪ್ಪಿಗೇ ಕೈಹಾಕುವಂಥದ್ದು. ಆ ಚಿಪ್ಪಿಗೆ ಕ್ಯಾಪ್ಸಿಡ್ ಎಂದು ಹೆಸರು. ಇನ್ನು ಸೋಫೋಸ್‌ಬುವಿರ್‌ನ ತಲೆಯಲ್ಲಿರುವ ‘ಸೋಫೋಸ್’ ಬಂದದ್ದು ಅದನ್ನು ರೂಪಿಸಿದ ರಸಾಯನಶಾಸ್ತ್ರಜ್ಞ ಮೈಕೆಲ್ ಸೋಫಿಯಾ ಅವರ ಹೆಸರಿನಿಂದ!

2021ರ ಏಪ್ರಿಲ್-ಮೇ ತಿಂಗಳಲ್ಲಿ ಊರಿನಿಂದ ರಾತ್ರೋರಾತ್ರಿ ಬಂದ ಫೋನ್‌ಗಳನ್ನು ನಾವು ಯಾರೂ ಮರೆತಿಲ್ಲ. ಇಂಗ್ಲಿಷ್ ಬಾರದ ಅತ್ತೆಯವರೂ "ರೆಮ್‌ಡೆಸಿವಿರ್ ಸಿಗುತ್ತಾ ನೋಡಪ್ಪ" ಎನ್ನುತ್ತಿದ್ದರು. 2020ರ ಮೇ ತಿಂಗಳಲ್ಲಿ ಇದನ್ನು ತಯಾರಿಸಲು ಗಿಲಿಯಡ್‌ನಿಂದ ಪರವಾನಗಿ ಪಡೆದ ಸಂಸ್ಥೆಗಳಲ್ಲಿ ಜುಬಿಲೆಂಟ್ ಕೂಡ ಒಂದು. ಅದರ ಕಾರ್ಖಾನೆಯೊಂದು ನಮ್ಮ ನಂಜನಗೂಡಿನಲ್ಲೇ ಇದೆ.

ಮನೆಮಂದಿಗೆ ಬೇಕಾದ ಕೆಲವು ಬಾಲಗಳು

ಸಾರ್ಟನ್ (ಲೋಸಾರ್ಟನ್, ಟೆಲ್ಮಿಸಾರ್ಟನ್): ರಕ್ತನಾಳಗಳನ್ನು ಬಿಗಿಗೊಳಿಸುವ ಹಾರ್ಮೋನಿಗೆ ತಡೆ, ಬಿ.ಪಿ. ಮಾತ್ರೆ.
ಪ್ರಿಲ್ (ಎನಲಾಪ್ರಿಲ್, ರಾಮಿಪ್ರಿಲ್): ಅದೇ ಹಾರ್ಮೋನು ತಯಾರಾಗುವುದಕ್ಕೇ ತಡೆ, ಇದೂ ಬಿ.ಪಿ.ಗೆ.
ಓಲೋಲ್ (ಅಟೆನೋಲೋಲ್, ಮೆಟೊಪ್ರೊಲೋಲ್): ಹೃದಯದ ಬಡಿತವನ್ನು ನಿಧಾನಿಸುವುದು.
ಡಿಪಿನ್ (ಆಮ್ಲೋಡಿಪಿನ್): ರಕ್ತನಾಳಗಳನ್ನು ಸಡಿಲಿಸುವುದು.
ವಾಸ್ಟಾಟಿನ್ (ಅಟೋರ್ವಾಸ್ಟಾಟಿನ್): ಕೊಲೆಸ್ಟರಾಲ್ ಇಳಿಸುವುದು.
ಗ್ಲಿಪ್ಟಿನ್ (ಸಿಟಾಗ್ಲಿಪ್ಟಿನ್): ಸಕ್ಕರೆ ಕಾಯಿಲೆಗೆ.
ಪ್ರಜೋಲ್ (ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್): ಹೊಟ್ಟೆಯ ಆಮ್ಲ ತಗ್ಗಿಸುವುದು.

ಆದರೆ ಎಚ್ಚರಿಕೆ!

ಮಾರತ್ತಹಳ್ಳಿ ಎಂದ ಮಾತ್ರಕ್ಕೆ ಅಲ್ಲಿ ಈಗ ಹಳ್ಳಿ ಸಿಗುವುದೇ? ಬಾಲಗಳೂ ಕೆಲವೊಮ್ಮೆ ಹಾದಿ ತಪ್ಪಿಸುತ್ತವೆ. ಅರಿಪಿಪ್ರಜೋಲ್ ಹೊಟ್ಟೆಯ ಉರಿಗಲ್ಲ, ಮಾನಸಿಕ ಕಾಯಿಲೆಗೆ ಕೊಡುವ ಮದ್ದು. ನಿಸ್ಟಾಟಿನ್‌ಗೂ ಕೊಲೆಸ್ಟರಾಲ್‌ಗೂ ಸಂಬಂಧವೇ ಇಲ್ಲ. ಅದು ಶಿಲೀಂಧ್ರದ ಸೋಂಕಿಗೆ. ನ್ಯೂಯಾರ್ಕ್ ಸ್ಟೇಟ್‌ನ ಪ್ರಯೋಗಾಲಯದಲ್ಲಿ ಸಿಕ್ಕಿದ್ದರಿಂದ ಅದಕ್ಕೆ ಆ ಹೆಸರು. ಇನ್ನು ನಮ್ಮೂರಿನ ಪ್ಯಾರಾಸಿಟಮಾಲ್‌ಗೆ ಅಮೆರಿಕದಲ್ಲಿ ಅಸಿಟಮಿನೊಫೆನ್ ಎಂದು ಹೆಸರು, ಎರಡೂ ಒಂದೇ. ಊರಿನ ಜ್ವರದ ಮಾತ್ರೆಯ ಮೇಲೆ ಇಲ್ಲಿಯ ನೆಗಡಿ ಔಷಧಿಯನ್ನೂ ಕುಡಿದರೆ ಗೊತ್ತಿಲ್ಲದೆ ಎರಡು ಪಾಲು ಸೇರಿ ಯಕೃತ್ತಿಗೆ ಅಪಾಯವಾದೀತು.

ಆದ್ದರಿಂದ ಬಾಲ ನೋಡುವುದು ವೈದ್ಯರಾಗುವುದಕ್ಕಲ್ಲ, ವೈದ್ಯರನ್ನು ಸರಿಯಾದ ಪ್ರಶ್ನೆ ಕೇಳುವುದಕ್ಕೆ. ನಾವಾಗಿಯೇ ಯಾವ ಮಾತ್ರೆಯನ್ನೂ ನಿಲ್ಲಿಸಬಾರದು, ಸೇರಿಸಲೂ ಬಾರದು.

ಈಗ ನಮ್ಮ ಮನೆಯಲ್ಲಿ ಒಂದು ಪದ್ಧತಿ ಮಾಡಿಕೊಂಡಿದ್ದೇವೆ. ಊರಿನಿಂದ ಯಾರೇ ಬರಲಿ, ಮೊದಲ ವಾರದಲ್ಲೇ ಮಕ್ಕಳು ಅಜ್ಜಿ-ತಾತನ ಪಕ್ಕ ಕುಳಿತು ಪ್ರತಿಯೊಂದು ಸ್ಟ್ರಿಪ್‌ನ ಮೇಲಿರುವ ಮದ್ದಿನ ಹೆಸರು, ಮಿಲಿಗ್ರಾಂ, ತೆಗೆದುಕೊಳ್ಳುವ ಹೊತ್ತು ಬರೆದು ಫ್ರಿಜ್ಜಿನ ಮೇಲೆ ಅಂಟಿಸುತ್ತಾರೆ. ವೈದ್ಯರ ಬಳಿ ಹೋಗುವಾಗ ಆ ಹಾಳೆಯೂ ಚೀಲವೂ ಜೊತೆಗೇ ಹೋಗುತ್ತವೆ. ಒಂದೇ ಬಾಲ ಎರಡು ಕಡೆ ಕಂಡರೆ ಮಕ್ಕಳು ಕೆಂಪು ಪೆನ್ನಿನಲ್ಲಿ ಗೆರೆ ಎಳೆಯುತ್ತಾರೆ. ಹೋದ ಸಲ ಅಮ್ಮನೇ ಕನ್ನಡಕ ಏರಿಸಿಕೊಂಡು ಬಂದು, "ನೋಡ್ರೋ, ಇದು ಪ್ರಿಲ್ಲೋ ಸಾರ್ಟನ್ನೋ?" ಎಂದು ಕೇಳಿದರು.

ಈ ಸಂಚಿಕೆಯನ್ನು ಕೆಳಗಿಡುವ ಮುನ್ನ ನಿಮ್ಮ ಮನೆಯ ಬೀರುವನ್ನೂ ಒಮ್ಮೆ ತೆಗೆದು ನೋಡುವಿರಲ್ಲ?