ಹೈವೇ, ಲೇಔಟ್ ಬರೋ ಮುಂಚೆ ಹುಲಿ-ಚಿರತೆ ಸರ್ವೆ ಯಾಕೆ ಬೇಕು?

ಇವತ್ತಿನ ಮಾತನ್ನ ಹುಣಸೂರು ತಾಲ್ಲೂಕಿನ ನಮ್ಮ ಮಾವನ ಹೊಲದಿಂದ ಶುರು ಮಾಡ್ತೀನಿ. ಅಲ್ಲಿ ಪಂಪ್‌ಸೆಟ್‌ಗೆ ಎಷ್ಟೋ ದಿನ ರಾತ್ರಿ ಪಾಳಿಯಲ್ಲೇ ಕರೆಂಟು. ಒಂದು ಬೆಳಿಗ್ಗೆ ನೋಡಿದ್ರೆ, ಕೆಸರಲ್ಲಿ ಮಾವನ ಚಪ್ಪಲಿ ಗುರುತಿನ ಮೇಲೇ ಚಿರತೆ ಹೆಜ್ಜೆ! ಅವರು ನೀರು ಕಟ್ಟಿ ಹೋದ ಮೇಲೆ ಅದು ಅದೇ ಬದುವಿನ ಮೇಲೆ ನಡೆದಿತ್ತು. "ಇಲ್ಲಿ ಕಾಡೇ ಇಲ್ವಲ್ಲೋ, ಇದೆಲ್ಲಿಂದ ಬಂತು?" ಅಂದ್ರು ಮಾವ.

ನಕ್ಷೆಯಲ್ಲಿ ಹಸಿರು ಎಲ್ಲಿ ಮುಗಿಯುತ್ತೋ ಅಲ್ಲಿಗೆ ಪ್ರಾಣಿಯೂ ಮುಗಿಯುತ್ತೆ ಅಂತ ನಾವೆಲ್ಲ ಅಂದ್ಕೊಂಡಿದ್ದೀವಿ. ರಸ್ತೆ, ಲೇಔಟ್ ಪ್ಲಾನ್ ಮಾಡೋರೂ ಎಷ್ಟೋ ಸಲ ಹಾಗೇ ಯೋಚಿಸ್ತಾರೆ. ಸರ್ವೆ ಬೇಕಾಗೋದು ಈ ಕಾರಣಕ್ಕೇ.

ಮೊದಲು ಹುಲಿ. ಎಚ್.ಡಿ. ಕೋಟೆ, ಹುಣಸೂರು, ಪಿರಿಯಾಪಟ್ಟಣದ ಅಂಚಿಗೆ ನಾಗರಹೊಳೆ ಇದೆ. ಅಲ್ಲಿ 1990ರ ದಶಕದ ಆರಂಭದಲ್ಲೇ ವಿಜ್ಞಾನಿ ಉಲ್ಲಾಸ ಕಾರಂತ ಅವರು ಕ್ಯಾಮೆರಾ ಟ್ರ್ಯಾಪ್ ಇಟ್ಟು ಹುಲಿ ಲೆಕ್ಕ ಹಾಕೋದನ್ನ ಶುರು ಮಾಡಿದ್ರು. ದಾರಿಯ ಎರಡೂ ಕಡೆ ಕ್ಯಾಮೆರಾ. ಯಾಕೆ ಎರಡು? ಹುಲಿಯ ಎಡ ಮೈ ಪಟ್ಟೆ ಬೇರೆ, ಬಲ ಮೈ ಪಟ್ಟೆ ಬೇರೆ. ನಮ್ಮ ಹೆಬ್ಬೆಟ್ಟಿನ ಗುರುತಿನ ಥರ, ಒಂದರ ಪಟ್ಟೆ ಇನ್ನೊಂದಕ್ಕಿಲ್ಲ.

ಎಲ್ಲ ಹುಲಿಯೂ ಫೋಟೋಗೆ ಸಿಗಲ್ಲ, ಮತ್ತೆ ಲೆಕ್ಕ ಹೇಗೆ? ಕೆರೆಯಲ್ಲಿ 20 ಮೀನು ಹಿಡಿದು, ಗುರುತು ಹಾಕಿ ಬಿಡಿ. ಮತ್ತೆ ಬಲೆ ಬೀಸಿದಾಗ 20ರಲ್ಲಿ 5ಕ್ಕೆ ಗುರುತಿದ್ರೆ, ಕೆರೆಯಲ್ಲಿ ಸುಮಾರು 80 ಮೀನಿವೆ ಅಂತ. ಮೂಲ ಲೆಕ್ಕ ಇಷ್ಟೇ. 2022ರ ಗಣತಿಯಲ್ಲಿ ಕರ್ನಾಟಕಕ್ಕೆ 563 ಹುಲಿ, ನಾಗರಹೊಳೆಯೊಳಗೆ 141 ಅಂತ ಬಂತು.

ಆದ್ರೆ ಪ್ಲಾನ್ ಮಾಡೋರಿಗೆ "ಎಷ್ಟು" ಅನ್ನೋದಕ್ಕಿಂತ "ಎಲ್ಲೆಲ್ಲಿ" ಅನ್ನೋದು ಮುಖ್ಯ. ಅದಕ್ಕೆ ಇನ್ನೊಂದು ಥರದ ಸರ್ವೆ ಇದೆ. ತಾಲ್ಲೂಕನ್ನ ಚೌಕ ಚೌಕವಾಗಿ ಭಾಗ ಮಾಡಿ, ಪ್ರತಿ ಚೌಕದಲ್ಲೂ ಹೆಜ್ಜೆ, ಹಿಕ್ಕೆ, ಕೆರೆದ ಗುರುತು ಹುಡುಕ್ತಾರೆ. ಕುರಿ ಮೇಯಿಸೋರನ್ನ ಕೇಳ್ತಾರೆ. ಒಂದು ಸಲ ಹೋಗಿ ಏನೂ ಸಿಗಲಿಲ್ಲ ಅಂದ್ರೆ ಪ್ರಾಣಿ ಇಲ್ಲ ಅಂತಲ್ಲ, ನಮ್ಮ ಕಣ್ಣಿಗೆ ಬೀಳಲಿಲ್ಲ ಅಂತ. ಅದಕ್ಕೇ ಮತ್ತೆ ಮತ್ತೆ ಹೋಗಬೇಕು.

ಚಿರತೆ ವಿಷಯದಲ್ಲಂತೂ ಇದು ಬಹಳ ಮುಖ್ಯ. 2015ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ವಿದ್ಯಾ ಅತ್ರೇಯ ಮತ್ತು ಸಂಗಡಿಗರು ಪತ್ರಿಕೆಗಳಲ್ಲಿ ಬಂದ ಚಿರತೆ ಸುದ್ದಿಗಳನ್ನೇ ಮಾಹಿತಿಯಾಗಿ ಬಳಸಿದ್ರು. ರಾಜ್ಯದ ಸುಮಾರು 47% ಪ್ರದೇಶದಲ್ಲಿ ಚಿರತೆ ಇದೆ ಅಂತ ಅಂದಾಜು ಸಿಕ್ಕಿತು. ಭತ್ತ, ಕಬ್ಬಿನ ಕೆ.ಆರ್. ನಗರದ ಕಡೆಯೂ ಚಿರತೆ ಕಾಣಿಸೋದು ಹೊಸದೇನಲ್ಲ. ಕಬ್ಬಿನ ಗದ್ದೆ ಅದಕ್ಕೆ ಅಡಗೋ ಜಾಗ, ಊರ ನಾಯಿ ಅದಕ್ಕೆ ಊಟ.

ಮಾಹಿತಿ ಇದ್ರೆ ಏನು ಬದಲಾಗುತ್ತೆ? ಎಚ್.ಡಿ. ಕೋಟೆ ಮೇಲೆ ಹೋಗೋ ಮೈಸೂರು–ಮಾನಂದವಾಡಿ ರಸ್ತೆ ನೋಡಿ. ಅದು ನಾಗರಹೊಳೆಯೊಳಗೆ ಹಾದುಹೋಗುತ್ತೆ. ಸಂಜಯ್ ಗುಬ್ಬಿ ಮತ್ತು ತಂಡ ಅಲ್ಲಿ ಕ್ಯಾಮೆರಾ ಇಟ್ಟು ನೋಡಿದಾಗ, ವಾಹನ ಕಡಿಮೆ ಇರೋ ಭಾಗದಲ್ಲಿ ದೊಡ್ಡ ಪ್ರಾಣಿಗಳು ರಸ್ತೆಯಂಚಿಗೆ ಹೆಚ್ಚು ಬರ್ತಿದ್ವು. ಕಾಡೊಳಗೆ ರಾತ್ರಿ ಸಂಚಾರ ಬಂದ್ ಆಯ್ತು. ಕಾಡಿನ ಹೊರಗಿನ ಬದಲಿ ದಾರಿ ಸುಧಾರಿಸಿ, ಒಳಗಿನ ಒಂದು ಭಾಗ ಮುಚ್ಚಿದ್ರು. ಜನಕ್ಕೂ ದಾರಿ ಸಿಕ್ಕಿತು, ಪ್ರಾಣಿಗೂ ಸಿಕ್ಕಿತು.

ಈಗ ನಮ್ಮ ಸರದಿ. ಶ್ರೀರಂಗಪಟ್ಟಣದಿಂದ ಕುಶಾಲನಗರದ ಹತ್ತಿರದ ಗುಡ್ಡೆಹೊಸೂರಿಗೆ ಹೋಗೋ 92 ಕಿ.ಮೀ. ಚತುಷ್ಪಥ ಹೆದ್ದಾರಿಗೆ 2023ರ ಮಾರ್ಚ್‌ನಲ್ಲಿ ಶಂಕುಸ್ಥಾಪನೆ ಆಯ್ತು. ಅದು ಹುಣಸೂರು, ಪಿರಿಯಾಪಟ್ಟಣದ ಕಡೆಯಿಂದಲೇ ಹೋಗೋದು. ಹೆದ್ದಾರಿ ಬಂದ್ರೆ ಪಕ್ಕದಲ್ಲೇ ಲೇಔಟ್, ಡಾಬಾ, ಗೋದಾಮು ಬರುತ್ವೆ. ಪ್ರಾಣಿ ಎಲ್ಲಿ ದಾಟುತ್ತೆ ಅಂತ ಮೊದಲೇ ಗೊತ್ತಿದ್ರೆ ಅಲ್ಲೇ ಅಂಡರ್‌ಪಾಸ್ ಇಡಬಹುದು. ಮಾಂಸದ ಕಸ ಎಲ್ಲಿ ಸುರಿಯಬಾರದು, ಯಾವ ಊರಿನ ಪಂಪ್‌ಸೆಟ್‌ಗೆ ಹಗಲು ಕರೆಂಟು ಮೊದಲು ಕೊಡಬೇಕು ಅನ್ನೋದನ್ನೂ ಅದೇ ನಕ್ಷೆ ಹೇಳುತ್ತೆ. ಡ್ರಾಯಿಂಗ್‌ನಲ್ಲಿ ಗೆರೆ ಸರಿಸೋದು ಸುಲಭ. ಕಾಂಕ್ರೀಟ್ ಬಿದ್ದ ಮೇಲೆ ಯಾರು ಸರಿಸ್ತಾರೆ?

ನೀವೂ ಒಂದು ಕೆಲಸ ಮಾಡಬಹುದು. ಹೆಜ್ಜೆ ಕಂಡ್ರೆ ಪಕ್ಕದಲ್ಲಿ ಒಂದು ಪೆನ್ನಿಟ್ಟು ಫೋಟೋ ತೆಗೀರಿ, ದಿನ ಮತ್ತು ಜಾಗ ಬರ್ಕೊಳ್ಳಿ. ಅರಣ್ಯ ಇಲಾಖೆ ಸಹಾಯವಾಣಿ 1926ಕ್ಕೆ ಹೇಳಿ. ವಾಟ್ಸ್‌ಆಪ್ ಗುಂಪಿಗೆ ಮಾತ್ರ ಹಾಕಬೇಡಿ. ಜನ ಸೇರಿದ್ರೆ ಪ್ರಾಣಿಗೂ ಗಾಬರಿ, ಜನಕ್ಕೂ ಅಪಾಯ.

ಮಾವ ಈಗ ನೀರು ಕಟ್ಟೋಕೆ ಒಬ್ಬರೇ ಹೋಗಲ್ಲ. ಟಾರ್ಚ್ ಹಿಡಿದು ಜೊತೆಗೆ ಅತ್ತೆಯೂ ಹೋಗ್ತಾರೆ. ಸರ್ವೆ ಬೇಕು ಅಂತ ಕೇಳ್ತಿರೋದು ಹುಲಿ-ಚಿರತೆಗಾಗಿ ಮಾತ್ರ ಅಲ್ಲ, ಇವರಿಬ್ಬರಿಗಾಗಿಯೂ ಹೌದು. ಮುಂದಿನ ಸಂಚಿಕೆಯಲ್ಲಿ ಸಿಗೋಣ.