ಉಪಗ್ರಹ ಸಂಕೇತಗಳೂ ಅಯಾನುಮಂಡಲವೂ

ನೆಲದಿಂದ ಸುಮಾರು 60 ಕಿಲೋಮೀಟರು ಎತ್ತರದಲ್ಲಿ ತೊಡಗಿ 1000 ಕಿಲೋಮೀಟರಿನವರೆಗೆ ಹಬ್ಬಿರುವ ವಾಯುಪ್ರದೇಶಕ್ಕೆ ಅಯಾನುಮಂಡಲವೆಂದು ಹೆಸರು. ಸೂರ್ಯನ ಪ್ರಖರ ಕಿರಣಗಳು ಅಲ್ಲಿನ ಪರಮಾಣುಗಳಿಂದ ಎಲೆಕ್ಟ್ರಾನುಗಳನ್ನು ಬೇರ್ಪಡಿಸುತ್ತವೆ. 1924ರಲ್ಲಿ ಆಪಲ್ಟನ್ನರು ಇದರ ಇರವನ್ನು ಪ್ರಯೋಗದಿಂದ ಸ್ಥಾಪಿಸಿದರು. ಕಲ್ಕತ್ತೆಯ ಶಿಶಿರಕುಮಾರ ಮಿತ್ರರು 1947ರಲ್ಲಿ ಈ ವಿಷಯದ ಮೇಲೆ ಮಹತ್ವದ ಗ್ರಂಥವನ್ನು ಪ್ರಕಟಿಸಿದರು. ಅಂದು ನೆಲದಿಂದ ರೇಡಿಯೋ ತರಂಗಗಳನ್ನು ಕಳುಹಿಸಿ ಅವುಗಳ ಪ್ರತಿಧ್ವನಿಯನ್ನು ಅಳೆಯುವುದೇ ಮುಖ್ಯ ಉಪಾಯವಾಗಿತ್ತು. ಆದರೆ ಅತಿ ಸಾಂದ್ರವಾದ ಪದರದಿಂದಾಚೆಗೆ ಏನಿದೆಯೆಂಬುದನ್ನು ಆ ಪ್ರತಿಧ್ವನಿ ತಿಳಿಸಲಾರದು.

ಈ ಕೊರತೆಯನ್ನು ಜಿ.ಪಿ.ಎಸ್. ಉಪಗ್ರಹಗಳು ಬಹುಮಟ್ಟಿಗೆ ನೀಗಿಸಿವೆ. ಅವು 20,200 ಕಿಲೋಮೀಟರು ಎತ್ತರದಲ್ಲಿ ಸುತ್ತುತ್ತಿರುವುದರಿಂದ ಅವುಗಳ ಸಂಕೇತಗಳು ಅಯಾನುಮಂಡಲವನ್ನು ಪೂರ್ತಿಯಾಗಿ ಹಾದು ಬರಬೇಕು. ದಾರಿಯಲ್ಲಿ ಎಲೆಕ್ಟ್ರಾನುಗಳು ಹೆಚ್ಚಿದಷ್ಟೂ ಸಂಕೇತ ತಡವಾಗುತ್ತದೆ. ತರಂಗದ ಆವೃತ್ತಿ ಹೆಚ್ಚಿದಂತೆ ಆ ತಡವು ಆವೃತ್ತಿಯ ವರ್ಗದ ಪ್ರಮಾಣದಲ್ಲಿ ಕುಗ್ಗುತ್ತದೆ. ಉಪಗ್ರಹವು 1575.42 ಮತ್ತು 1227.60 ಮೆಗಾಹರ್ಟ್ಸ್ ಎಂಬ ಎರಡು ಆವೃತ್ತಿಗಳಲ್ಲಿ ಸಂಕೇತ ಕಳುಹಿಸುತ್ತದೆ. ಮೊದಲನೆಯದು 16 ಮೀಟರು ದೂರಕ್ಕೆ ಸಮನಾಗಿ ತಡವಾದರೆ, ಎರಡನೆಯದು ಸುಮಾರು 26 ಮೀಟರಿನಷ್ಟು ತಡವಾಗುವುದು. ಈ ಅಂತರವನ್ನು ಅಳೆದು, ಯಂತ್ರಗಳ ಸ್ವಂತ ದೋಷವನ್ನು ಕಳೆದರೆ, ದಾರಿಯ ಎಲೆಕ್ಟ್ರಾನುಗಳ ಒಟ್ಟು ಮೊತ್ತ ದೊರಕುತ್ತದೆ.

ಭಾರತದ ಆಕಾಶಕ್ಕೆ ಈ ಅಳತೆ ವಿಶೇಷವಾಗಿ ಬೇಕಾಗಿದೆ. ಭೂಕಾಂತದ ಮಧ್ಯರೇಖೆ ನಮ್ಮ ದೇಶದ ದಕ್ಷಿಣ ತುದಿಯ ಸಮೀಪದಲ್ಲಿ ಹಾದುಹೋಗುತ್ತದೆ. 1963ರ ರಾಕೆಟ್ ಪ್ರಯೋಗಕ್ಕೆ ತುಂಬಾ ಗ್ರಾಮವನ್ನು ಆರಿಸಿದುದಕ್ಕೂ ಇದೇ ಕಾರಣ. ಹಗಲಿನಲ್ಲಿ ಆ ರೇಖೆಯ ಮೇಲೆ ವಿದ್ಯುತ್ಕ್ಷೇತ್ರ ಮತ್ತು ಕಾಂತಕ್ಷೇತ್ರಗಳ ಸಂಯೋಗದಿಂದ ಎಲೆಕ್ಟ್ರಾನುಗಳು ಕಾರಂಜಿಯಂತೆ ಮೇಲೇರಿ, ಕಾಂತರೇಖೆಗಳ ಗುಂಟ ಉತ್ತರಕ್ಕೂ ದಕ್ಷಿಣಕ್ಕೂ ಇಳಿಯುತ್ತವೆ. ಆದುದರಿಂದ ಕನ್ಯಾಕುಮಾರಿಗಿಂತ ಅಹಮದಾಬಾದಿನ ಕಡೆಯ ಆಕಾಶದಲ್ಲಿ ಅಪರಾಹ್ನದ ಸಾಂದ್ರತೆ ಸಾಮಾನ್ಯವಾಗಿ ಅಧಿಕ.

ಇದು ಬರಿಯ ಕುತೂಹಲದ ವಿಷಯವಲ್ಲ. ಇಳಿಯುತ್ತಿರುವ ವಿಮಾನಕ್ಕೆ ಎತ್ತರದಲ್ಲಿ ಹತ್ತಾರು ಮೀಟರುಗಳ ತಪ್ಪು ಅಪಾಯಕರ. ಆದುದರಿಂದ ಭಾರತದ 'ಗಗನ್' ವ್ಯವಸ್ಥೆಯು ದೇಶದ ನಾನಾ ಕಡೆಯ ನಿಲ್ದಾಣಗಳಲ್ಲಿ ಈ ತಡವನ್ನು ಅಳೆದು, ತಿದ್ದುಪಡಿಯನ್ನು ಉಪಗ್ರಹದ ಮೂಲಕ ವಿಮಾನಗಳಿಗೆ ಕಳುಹಿಸುತ್ತದೆ. ಶೀತೋಷ್ಣ ದೇಶಗಳಿಗೆ ಸಾಕಾದ ಒಂದೇ ಪದರದ ಕಲ್ಪನೆ ಇಲ್ಲಿಗೆ ಸಾಲದಾದುದರಿಂದ ಅನೇಕ ಪದರಗಳ ಲೆಕ್ಕವನ್ನು ರೂಪಿಸಬೇಕಾಯಿತು. 2022ರ ಏಪ್ರಿಲಿನಲ್ಲಿ ರಾಜಸ್ಥಾನದ ಕಿಶನ್‌ಗಢದಲ್ಲಿ ವಿಮಾನವೊಂದು ಈ ವ್ಯವಸ್ಥೆಯ ನೆರವಿನಿಂದ ಇಳಿಯಿತು.

ಆದರೂ ಒಂದು ತೊಡಕು ಉಳಿದಿದೆ. ಸೂರ್ಯಾಸ್ತದ ತರುವಾಯ ಅಯಾನುಮಂಡಲದಲ್ಲಿ ಕೆಲವೊಮ್ಮೆ ವಿರಳ ಸಾಂದ್ರತೆಯ ಗುಳ್ಳೆಗಳೇಳುತ್ತವೆ. ಆಗ ಸಂಕೇತವು ನಕ್ಷತ್ರದಂತೆ ಮಿನುಗಿ, ಒಮ್ಮೊಮ್ಮೆ ಕೈತಪ್ಪುವುದೂ ಉಂಟು. ಕಳೆದುಹೋದ ಸಂಕೇತವನ್ನು ಯಾವ ತಿದ್ದುಪಡಿಯೂ ಮರಳಿಸಲಾರದು. ಗುಳ್ಳೆಗಳು ಯಾವ ಸಂಜೆ ಏಳುವುವೆಂದು ಮುಂಚಿತವಾಗಿ ಹೇಳಲು, ಅದೇ ಮಿನುಗನ್ನು ವರ್ಷಾನುಗಟ್ಟಲೆ ದಾಖಲಿಸಿ ಅಭ್ಯಾಸ ಮಾಡುವುದು ಆವಶ್ಯಕವಾಗಿದೆ.